ವಿಂಡೋಸ್ 11 ಹಾಕುವ ಮುನ್ನ ಬಯೋಸ್‌ನಲ್ಲಿ ನೋಡಬೇಕಾದ್ದೇನು? ತೊಡಕು ಬಂದರೆ ಸರಿಪಡಿಸುವುದು ಹೇಗೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಕೊಡುವ ಹೆಚ್ಚುವರಿ ಯೋಜನೆಯನ್ನೂ ಕಂಪೆನಿ ಪ್ರಕಟಿಸಿತು. ಕಂಪ್ಯೂಟರ್ ನಾಳೆಯೇ ನಿಂತು ಹೋಗುವುದಿಲ್ಲ, ನಿಜ. ಆದರೆ ಹೊಸ ವೈರಸ್‌ಗೆ ಹೊಸ ಬೀಗ ಸಿಗುವುದು ನಿಲ್ಲುತ್ತದೆ. ಅಂಗಡಿಯ ಬಿಲ್ಲಿಂಗ್, ಬ್ಯಾಂಕ್ ವ್ಯವಹಾರ, ಮಕ್ಕಳ ಓದು ಎಲ್ಲಾ ಒಂದೇ ಕಂಪ್ಯೂಟರಿನಲ್ಲಿ ನಡೆಯುವ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ.

ಹಾಗಾಗಿ ಹಲವರು ವಿಂಡೋಸ್ 11ಕ್ಕೆ ಹೋಗಲು ನೋಡುತ್ತಾರೆ. ಅಲ್ಲಿ "ಈ ಪಿಸಿ ವಿಂಡೋಸ್ 11ಕ್ಕೆ ಅರ್ಹವಲ್ಲ" ಎಂಬ ಸಂದೇಶ ಬರುತ್ತದೆ. ಕೆಲವರು ಅಷ್ಟಕ್ಕೇ ಬೇಸರ ಮಾಡಿ ಹೊಸ ಲ್ಯಾಪ್‌ಟಾಪ್‌ಗೆ ದುಡ್ಡು ಹೊಂದಿಸಲು ಹೊರಡುತ್ತಾರೆ. ಇನ್ನು ಕೆಲವರು ವಿಡಿಯೋ ನೋಡಿ ಬಯೋಸ್‌ಗೆ ಹೋಗಿ ಎರಡು ಮೂರು ಸೆಟ್ಟಿಂಗ್ ಬದಲಿಸಿ ಬಿಡುತ್ತಾರೆ. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ, ಇಲ್ಲವೇ 48 ಅಂಕಿಯ ಕೀ ಕೇಳುವ ನೀಲಿ ಪರದೆ. ಎರಡೂ ಅವಸರದ ಫಲ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಬೇಕಾದ ಸೌಕರ್ಯ ಒಳಗೇ ಉಂಟು, ಆಫ್ ಆಗಿದೆ ಅಷ್ಟೆ. ಅದನ್ನು ಯಾವ ಕ್ರಮದಲ್ಲಿ ಆನ್ ಮಾಡಬೇಕು ಎಂಬುದೇ ಇಲ್ಲಿಯ ವಿಷಯ.

ಮೊದಲು ನಾಲ್ಕು ಪದಗಳ ಪರಿಚಯ

ಬಯೋಸ್ ಮತ್ತು ಯುಇಎಫ್‌ಐ: ಪವರ್ ಬಟನ್ ಒತ್ತಿದ ಕೂಡಲೇ ವಿಂಡೋಸ್ ಎದ್ದು ಬರುವುದಿಲ್ಲ. ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಒಂದು ಸಣ್ಣ ತಂತ್ರಾಂಶ ಮೊದಲು ಎಚ್ಚರವಾಗಿ, ಮೆಮೊರಿ, ಕೀಬೋರ್ಡ್, ಡಿಸ್ಕ್ ಎಲ್ಲಾ ಇದೆಯಾ ಎಂದು ನೋಡಿ, ಆಮೇಲೆ ವಿಂಡೋಸನ್ನು ಕರೆಯುತ್ತದೆ. ಇದಕ್ಕೆ ಫರ್ಮ್‌ವೇರ್ ಎಂದು ಹೆಸರು. 1981ರ ಐಬಿಎಂ ಪಿಸಿಯ ಕಾಲದಿಂದ ಬಂದ ಹಳೆಯ ಪದ್ಧತಿ ಬಯೋಸ್. ಅದರ ಬದಲಿಗೆ ಬಂದ ಹೊಸ ಪದ್ಧತಿ ಯುಇಎಫ್‌ಐ. ಇದನ್ನು ರೂಪಿಸುವ ಕಂಪೆನಿಗಳ ಒಕ್ಕೂಟ 2005ರಲ್ಲಿ ಹುಟ್ಟಿತು. ಮಾತಿನಲ್ಲಿ ಈಗಲೂ ಎರಡಕ್ಕೂ "ಬಯೋಸ್" ಅಂತಲೇ ಹೇಳುತ್ತೇವೆ. ಅನೇಕ ಯುಇಎಫ್‌ಐ ಯಂತ್ರಗಳಲ್ಲಿ ಹಳೆಯ ಪದ್ಧತಿಯಂತೆ ನಡೆಯುವ ಒಂದು ಅನುಕೂಲವನ್ನೂ ಇಟ್ಟಿರುತ್ತಾರೆ. ಅದರ ಹೆಸರು ಸಿಎಸ್‌ಎಂ ಅಥವಾ ಲೆಗಸಿ ಮೋಡ್.

ಎಂಬಿಆರ್ ಮತ್ತು ಜಿಪಿಟಿ: ಇವು ಡಿಸ್ಕಿನ ಭಾಗಗಳ ಪಟ್ಟಿಯನ್ನು ಬರೆದಿಡುವ ಎರಡು ಕ್ರಮಗಳು. ಎಂಬಿಆರ್ ಹಳೆಯದು. ಅದರಲ್ಲಿ ನಾಲ್ಕು ಮುಖ್ಯ ಪಾರ್ಟಿಶನ್ ಮಾತ್ರ, ಸಾಮಾನ್ಯವಾಗಿ 2 ಟೆರಾಬೈಟ್‌ವರೆಗೆ ಲೆಕ್ಕ. ಜಿಪಿಟಿ ಹೊಸದು. ವಿಂಡೋಸ್‌ನಲ್ಲಿ ಅದಕ್ಕೆ 128 ಪಾರ್ಟಿಶನ್‌ವರೆಗೆ ಅವಕಾಶ. ವಿಂಡೋಸ್ ಲೆಗಸಿ ಮೋಡ್‌ನಲ್ಲಿ ಎಂಬಿಆರ್ ಡಿಸ್ಕಿನಿಂದ, ಯುಇಎಫ್‌ಐ ಮೋಡ್‌ನಲ್ಲಿ ಜಿಪಿಟಿ ಡಿಸ್ಕಿನಿಂದ ಏಳುತ್ತದೆ. ಈ ಜೋಡಿ ತಪ್ಪಿದರೆ ಕಂಪ್ಯೂಟರ್ ಏಳುವುದಿಲ್ಲ. ಇದೊಂದು ಮಾತು ನೆನಪಿದ್ದರೆ ಅರ್ಧ ತೊಡಕು ದೂರ.

ಸೆಕ್ಯೂರ್ ಬೂಟ್: ಆರಂಭದ ಹಂತದಲ್ಲಿ ಬರುವ ತಂತ್ರಾಂಶಕ್ಕೆ ಸರಿಯಾದ ಸಹಿ ಇದೆಯಾ ಎಂದು ನೋಡುವ ಕಾವಲುಗಾರ. ವಿಂಡೋಸ್‌ಗಿಂತ ಮೊದಲೇ ನುಸುಳುವ ವೈರಸ್‌ಗಳನ್ನು ತಡೆಯುವುದು ಇದರ ಕೆಲಸ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಇದು ಬಳಕೆಗೆ ಬಂತು. ಯುಇಎಫ್‌ಐ ಮೋಡ್‌ನಲ್ಲಿ ಮಾತ್ರ ಇದು ಕೆಲಸ ಮಾಡುತ್ತದೆ.

ಟಿಪಿಎಂ: ಪಾಸ್‌ವರ್ಡ್, ಬೀಗದ ಕೀಗಳನ್ನು ಭದ್ರವಾಗಿ ಇಡುವ ಸಣ್ಣ ತಿಜೋರಿ. ಕೆಲವು ಯಂತ್ರಗಳಲ್ಲಿ ಇದು ಬೇರೆ ಚಿಪ್ ಆಗಿರುತ್ತದೆ. ಹಲವು ಯಂತ್ರಗಳಲ್ಲಿ ಪ್ರೊಸೆಸರ್ ಬದಿಯಲ್ಲೇ ಅಡಕವಾಗಿದೆ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು.

ನಿಮ್ಮ ಕಂಪ್ಯೂಟರ್ ಈಗ ಎಲ್ಲಿದೆ?

ಏನನ್ನೂ ಬದಲಿಸುವ ಮೊದಲು ಇರುವುದನ್ನು ನೋಡಿ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಇದಕ್ಕೆ ಬಯೋಸ್‌ಗೆ ಹೋಗುವ ಅಗತ್ಯವೇ ಇಲ್ಲ.

1. ಸ್ಟಾರ್ಟ್ ಮೆನುವಿನಲ್ಲಿ "ಸಿಸ್ಟಮ್ ಇನ್ಫರ್ಮೇಶನ್" ಎಂದು ಹುಡುಕಿ ತೆರೆಯಿರಿ. "ಬಯೋಸ್ ಮೋಡ್" ಎಂಬ ಸಾಲಿನಲ್ಲಿ ಯುಇಎಫ್‌ಐ ಅಥವಾ ಲೆಗಸಿ ಎಂದು ಇರುತ್ತದೆ. ಅಲ್ಲೇ "ಸೆಕ್ಯೂರ್ ಬೂಟ್ ಸ್ಟೇಟ್" ಎಂಬ ಸಾಲೂ ಉಂಟು. ಅದು ಆನ್, ಆಫ್ ಅಥವಾ ಅನ್‌ಸಪೋರ್ಟೆಡ್ ಎಂದು ತೋರಿಸುತ್ತದೆ. ಲೆಗಸಿ ಮೋಡ್‌ನಲ್ಲಿ ಇರುವಾಗ ಅನ್‌ಸಪೋರ್ಟೆಡ್ ಎಂದು ಬರುವುದು ಸಹಜ. ಅದನ್ನು ನೋಡಿ ಯಂತ್ರವೇ ಹಳತು ಎಂದು ತೀರ್ಮಾನಿಸಬೇಡಿ.

2. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ "ಡಿಸ್ಕ್ ಮ್ಯಾನೇಜ್‌ಮೆಂಟ್" ತೆರೆಯಿರಿ. ವಿಂಡೋಸ್ ಇರುವ ಡಿಸ್ಕಿನ ಹೆಸರಿನ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ವಾಲ್ಯೂಮ್ಸ್. ಅಲ್ಲಿ "ಪಾರ್ಟಿಶನ್ ಸ್ಟೈಲ್" ಎದುರು ಎಂಬಿಆರ್ ಅಥವಾ ಜಿಪಿಟಿ ಎಂದು ಇರುತ್ತದೆ.

3. ಸ್ಟಾರ್ಟ್ ಮೆನುವಿನಲ್ಲಿ "ವಿಂಡೋಸ್ ಸೆಕ್ಯೂರಿಟಿ" ತೆರೆದು "ಡಿವೈಸ್ ಸೆಕ್ಯೂರಿಟಿ"ಗೆ ಹೋಗಿ. "ಸೆಕ್ಯೂರಿಟಿ ಪ್ರೊಸೆಸರ್" ಎಂಬ ವಿಭಾಗ ಇದ್ದು, ವಿವರದಲ್ಲಿ ಸ್ಪೆಸಿಫಿಕೇಶನ್ 2.0 ಎಂದಿದ್ದರೆ ಟಿಪಿಎಂ ಸರಿಯಾಗಿದೆ. ವಿಭಾಗವೇ ಕಾಣದಿದ್ದರೆ ಟಿಪಿಎಂ ಇಲ್ಲ ಅಥವಾ ಆಫ್ ಆಗಿದೆ.

4. ಮೈಕ್ರೋಸಾಫ್ಟ್‌ನ ಉಚಿತ "ಪಿಸಿ ಹೆಲ್ತ್ ಚೆಕ್" ತಂತ್ರಾಂಶ ಹಾಕಿ ನೋಡಿ. ಯಾವ ಅಂಶ ಸಾಲದು ಎಂದು ಅದು ಒಂದೊಂದಾಗಿ ಹೇಳುತ್ತದೆ.

ಪ್ರೊಸೆಸರ್ ಬಗ್ಗೆಯೂ ಒಂದು ಮಾತು. ಸಾಮಾನ್ಯವಾಗಿ ಇಂಟೆಲ್‌ನ 8ನೇ ತಲೆಮಾರು ಅಥವಾ ನಂತರದ್ದು, ಎಎಂಡಿಯಲ್ಲಿ ರೈಜನ್ 2000 ಸರಣಿ ಅಥವಾ ನಂತರದ್ದು ಪಟ್ಟಿಯಲ್ಲಿದೆ. ಅಲ್ಲೊಂದು ಇಲ್ಲೊಂದು ವಿನಾಯಿತಿ ಉಂಟು. ಜೊತೆಗೆ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಬೇಕು. ಪ್ರೊಸೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಬಯೋಸ್‌ನಲ್ಲಿ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ. ಅಂಥವರು ಕೊನೆಯ ಭಾಗ ಓದಿ. ಸೆಟ್ಟಿಂಗ್ ಮಾತ್ರ ಅಡ್ಡಿಯಾಗಿದ್ದರೆ ಮುಂದೆ ಓದಿ.

ಕೈ ಹಾಕುವ ಮುನ್ನ ಮೂರು ಕೆಲಸ

ಬ್ಯಾಕಪ್: ಫೋಟೋ, ಲೆಕ್ಕಪತ್ರ, ಬಿಲ್ಲಿಂಗ್ ತಂತ್ರಾಂಶದ ಡೇಟಾ, ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಹಳೆಯ ಕನ್ನಡ ಕಡತಗಳು, ಅವುಗಳ ಫಾಂಟ್ ಸಮೇತ ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ. ಡಿ ಡ್ರೈವ್‌ಗೆ ಕಾಪಿ ಮಾಡಿದ್ದೇನೆ ಅಂದರೆ ಅದು ಬ್ಯಾಕಪ್ ಅಲ್ಲ. ಸಿ ಮತ್ತು ಡಿ ಹೆಚ್ಚಾಗಿ ಒಂದೇ ಡಿಸ್ಕಿನ ಎರಡು ತುಂಡುಗಳು. ಕಾಪಿ ಮಾಡಿದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ನಾಲ್ಕು ಕಡತ ತೆರೆದು ನೋಡಿ.

ಬಿಟ್‌ಲಾಕರ್ ಕೀ: ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಸೆಕ್ಯೂರ್ ಬೂಟ್ ಅಥವಾ ಟಿಪಿಎಂ ಬದಲಿಸಿದರೆ ಯಾರೋ ಕೈಯಾಡಿಸಿದ್ದಾರೆ ಎಂದು ಬಿಟ್‌ಲಾಕರ್ ಸಂಶಯಪಟ್ಟು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಡೇಟಾ ಹೊರತೆಗೆಯಲು ಯಾವ ರಿಪೇರಿಯವರಿಂದಲೂ ಆಗದು. ಗಲ್ಫಿನಿಂದ ಕಳುಹಿಸಿದ ಫೋಟೋಗಳೂ, ಮಗುವಿನ ಮೊದಲ ನಗುವೂ ಅದರೊಳಗೇ ಉಳಿಯುತ್ತವೆ. ಸೆಟ್ಟಿಂಗ್ಸ್‌ನಲ್ಲಿ "ಡಿವೈಸ್ ಎನ್‌ಕ್ರಿಪ್ಶನ್" ಅಥವಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ "ಬಿಟ್‌ಲಾಕರ್" ಆನ್ ಇದೆಯಾ ನೋಡಿ. ಆನ್ ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಡಿವೈಸ್ ವಿಭಾಗದಲ್ಲಿ ಕೀ ಇರುತ್ತದೆ. ಅದನ್ನು ಕಾಗದದಲ್ಲಿ ಬರೆದಿಡಿ, ಅದೇ ಲ್ಯಾಪ್‌ಟಾಪಿನಲ್ಲಿ ಉಳಿಸಿದರೆ ಪ್ರಯೋಜನವಿಲ್ಲ. ನಂತರ ಬಿಟ್‌ಲಾಕರ್‌ನಲ್ಲಿ "ಸಸ್ಪೆಂಡ್" ಆಯ್ಕೆ ಮಾಡಿ. ಇದು ಸಾಮಾನ್ಯವಾಗಿ ಒಂದು ರೀಸ್ಟಾರ್ಟ್‌ವರೆಗೆ ಮಾತ್ರ. ಹಾಗಾಗಿ ಪ್ರತಿ ಸಲ ಬಯೋಸ್‌ಗೆ ಹೋಗುವ ಮುನ್ನ ಮತ್ತೆ ಸಸ್ಪೆಂಡ್ ಮಾಡಬೇಕು. ಹೋಮ್ ಆವೃತ್ತಿಯವರು ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಿ, ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯುವುದು ಒಳ್ಳೆಯದು.

ಕರೆಂಟ್: ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿ, ಚಾರ್ಜರ್ ಹಾಕಿಯೇ ಕೆಲಸ ಮಾಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಗುಡುಗು ಮಿಂಚಿನ ಸಂಜೆ ನಮ್ಮೂರುಗಳಲ್ಲಿ ಕರೆಂಟಿಗೆ ಗ್ಯಾರಂಟಿ ಇಲ್ಲ. ಡಿಸ್ಕ್ ಬದಲಿಸುವಾಗ ಅಥವಾ ಬಯೋಸ್ ಅಪ್‌ಡೇಟ್ ಆಗುವಾಗ ಕರೆಂಟ್ ಹೋದರೆ ನಷ್ಟ ದೊಡ್ಡದು.

ಬಯೋಸ್‌ಗೆ ಹೋಗುವುದು ಹೇಗೆ?

ಆನ್ ಮಾಡಿದ ಕೂಡಲೇ ಒಂದು ಕೀಯನ್ನು ಬಿಟ್ಟು ಬಿಟ್ಟು ಒತ್ತುತ್ತಾ ಇರಬೇಕು. ಡೆಲ್ ಮತ್ತು ಏಸರ್‌ನಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10 ಅಥವಾ ಎಸ್ಕೇಪ್, ಲೆನೊವೊದಲ್ಲಿ ಎಫ್1 ಅಥವಾ ಎಫ್2, ಅಸೂಸ್‌ನಲ್ಲಿ ಎಫ್2 ಅಥವಾ ಡಿಲೀಟ್, ಗಿಗಾಬೈಟ್ ಮತ್ತು ಎಂಎಸ್‌ಐ ಮದರ್‌ಬೋರ್ಡ್‌ನಲ್ಲಿ ಡಿಲೀಟ್. ವಿಂಡೋಸ್ 10ರಲ್ಲಿ ಇನ್ನೊಂದು ದಾರಿಯೂ ಉಂಟು: ಸೆಟ್ಟಿಂಗ್ಸ್, ಅಪ್‌ಡೇಟ್ ಆಂಡ್ ಸೆಕ್ಯೂರಿಟಿ, ರಿಕವರಿ, ಅಡ್ವಾನ್ಸ್‌ಡ್ ಸ್ಟಾರ್ಟಪ್. ರೀಸ್ಟಾರ್ಟ್ ಆದ ಮೇಲೆ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಶನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಲೆಗಸಿ ಮೋಡ್‌ನಲ್ಲಿರುವ ಯಂತ್ರದಲ್ಲಿ ಈ ಕೊನೆಯ ಆಯ್ಕೆ ಕಾಣಿಸುವುದಿಲ್ಲ. ಆಗ ಕೀಬೋರ್ಡ್ ದಾರಿಯೇ ಗತಿ.

ಒಳಗೆ ಹೋದ ಮೇಲೆ ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಉಳಿಸಿ, ವಿಂಡೋಸ್ ಏಳುತ್ತದಾ ನೋಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ.

ಸರಿಯಾದ ಕ್ರಮ

ಮೊದಲ ಹೆಜ್ಜೆ, ಟಿಪಿಎಂ: ಸೆಕ್ಯೂರಿಟಿ ಅಥವಾ ಅಡ್ವಾನ್ಸ್‌ಡ್ ಪುಟದಲ್ಲಿ ಪಿಟಿಟಿ, ಎಫ್‌ಟಿಪಿಎಂ, ಟಿಪಿಎಂ ಸ್ಟೇಟ್, ಸೆಕ್ಯೂರಿಟಿ ಡಿವೈಸ್ ಸಪೋರ್ಟ್ ಇವುಗಳಲ್ಲಿ ಯಾವುದೋ ಒಂದು ಹೆಸರು ಇರುತ್ತದೆ. ಅದನ್ನು ಎನೇಬಲ್ ಮಾಡಿ. ಪಕ್ಕದಲ್ಲಿ "ಕ್ಲಿಯರ್ ಟಿಪಿಎಂ" ಎಂಬುದು ಕಂಡರೆ ಮುಟ್ಟಬೇಡಿ. ಅದು ತಿಜೋರಿಯನ್ನೇ ಖಾಲಿ ಮಾಡುತ್ತದೆ.

ಎರಡನೇ ಹೆಜ್ಜೆ, ಡಿಸ್ಕ್: ಈಗಾಗಲೇ ಜಿಪಿಟಿ ಇದ್ದರೆ ಈ ಹೆಜ್ಜೆ ಬೇಡ. ಎಂಬಿಆರ್ ಇದ್ದರೆ ಮೊದಲು ಅದನ್ನು ಜಿಪಿಟಿ ಮಾಡಬೇಕು, ಆಮೇಲೆಯೇ ಬಯೋಸ್ ಮೋಡ್ ಬದಲಿಸಬೇಕು. ಇಲ್ಲೇ ಹೆಚ್ಚಿನವರು ಎಡವುವುದು. ಫಾರ್ಮ್ಯಾಟ್ ಮಾಡದೆ ಬದಲಿಸಲು 2017ರ ವಿಂಡೋಸ್ 10 ಆವೃತ್ತಿ 1703ರಿಂದ "ಎಂಬಿಆರ್2ಜಿಪಿಟಿ" ಎಂಬ ಉಪಕರಣ ವಿಂಡೋಸ್‌ನೊಳಗೇ ಬಂದಿದೆ. ಕಮಾಂಡ್ ಪ್ರಾಂಪ್ಟನ್ನು "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಮೂಲಕ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಈ ಹೆಸರನ್ನು ನಡುವೆ ಜಾಗ ಬಿಡದೆ ಬರೆಯಿರಿ. ಆಮೇಲೆ ಒಂದು ಸ್ಪೇಸ್, ಓರೆಗೆರೆ, "ವ್ಯಾಲಿಡೇಟ್". ಮತ್ತೆ ಸ್ಪೇಸ್, ಓರೆಗೆರೆ, "ಅಲೋ ಫುಲ್ ಓಎಸ್" (ಈ ಮೂರೂ ಜೋಡಿಸಿ ಒಂದೇ ಪದವಾಗಿ). ಇದು ಬರೀ ಪರೀಕ್ಷೆ, ಏನನ್ನೂ ಬದಲಿಸುವುದಿಲ್ಲ. ಪರೀಕ್ಷೆ ಯಶಸ್ವಿ ಎಂದು ಬಂದರೆ ಮಾತ್ರ, "ವ್ಯಾಲಿಡೇಟ್" ಜಾಗದಲ್ಲಿ "ಕನ್ವರ್ಟ್" ಹಾಕಿ ಮತ್ತೆ ಎಂಟರ್ ಒತ್ತಿ. ಮುಗಿದ ಮೇಲೆ ಹಿಂದಕ್ಕೆ ಎಂಬಿಆರ್ ಮಾಡಲು ಈ ಉಪಕರಣದಿಂದ ಆಗದು.

ಮೂರನೇ ಹೆಜ್ಜೆ, ಯುಇಎಫ್‌ಐ: ಕನ್ವರ್ಟ್ ಮುಗಿದ ಮರುಗಳಿಗೆಯೇ ಬಯೋಸ್‌ಗೆ ಹೋಗಿ ಬೂಟ್ ಮೋಡ್ ಅನ್ನು ಯುಇಎಫ್‌ಐ ಮಾಡಿ, ಸಿಎಸ್‌ಎಂ ಆಫ್ ಮಾಡಿ. ಬೂಟ್ ಪಟ್ಟಿಯಲ್ಲಿ "ವಿಂಡೋಸ್ ಬೂಟ್ ಮ್ಯಾನೇಜರ್" ಮೊದಲ ಸ್ಥಾನದಲ್ಲಿರಲಿ.

ನಾಲ್ಕನೇ ಹೆಜ್ಜೆ, ಸೆಕ್ಯೂರ್ ಬೂಟ್: ವಿಂಡೋಸ್ ಸರಿಯಾಗಿ ಎದ್ದ ಮೇಲೆ ಮತ್ತೆ ಬಯೋಸ್‌ಗೆ ಹೋಗಿ ಇದನ್ನು ಆನ್ ಮಾಡಿ. ವಿಂಡೋಸ್ 11 ಕೇಳುವುದು ಸೆಕ್ಯೂರ್ ಬೂಟ್ ಸಾಮರ್ಥ್ಯವನ್ನು, ಆನ್ ಇರಲೇಬೇಕೆಂದಲ್ಲ. ಆದರೂ ಆನ್ ಇಡುವುದೇ ಸುರಕ್ಷಿತ.

ಐದನೇ ಹೆಜ್ಜೆ: ಸಿಸ್ಟಮ್ ಇನ್ಫರ್ಮೇಶನ್ ಮತ್ತೆ ತೆರೆದು ಯುಇಎಫ್‌ಐ, ಸೆಕ್ಯೂರ್ ಬೂಟ್ ಆನ್ ಎಂದು ಖಚಿತಪಡಿಸಿಕೊಳ್ಳಿ. ಪಿಸಿ ಹೆಲ್ತ್ ಚೆಕ್ ಒಪ್ಪಿದ ಮೇಲೆ ಅಪ್‌ಗ್ರೇಡ್ ಶುರು ಮಾಡಿ. ಹೊಸದು ಹಿಡಿಸದಿದ್ದರೆ 10 ದಿನದೊಳಗೆ ರಿಕವರಿ ವಿಭಾಗದಿಂದ ವಿಂಡೋಸ್ 10ಕ್ಕೆ ಹಿಂದಿರುಗುವ ಅವಕಾಶ ಇದೆ.

ತೊಡಕು ಬಂದರೆ ಪರಿಹಾರ

"ನೋ ಬೂಟೆಬಲ್ ಡಿವೈಸ್" ಎಂದು ಬರುತ್ತಿದೆ: ಗಾಬರಿ ಬೇಡ, ಡೇಟಾ ಹೋಗಿಲ್ಲ. ಡಿಸ್ಕ್ ಇನ್ನೂ ಎಂಬಿಆರ್ ಇರುವಾಗಲೇ ಯುಇಎಫ್‌ಐ ಮಾಡಿದ್ದೀರಿ. ಮತ್ತೆ ಲೆಗಸಿ ಮಾಡಿ, ವಿಂಡೋಸ್ ಏಳುತ್ತದೆ. ಆಮೇಲೆ ಎರಡನೇ ಹೆಜ್ಜೆಯಿಂದ ಆರಂಭಿಸಿ. ಕನ್ವರ್ಟ್ ಆದ ಮೇಲೆ ಹೀಗೆ ಬಂದರೆ ಕಾರಣ ಉಲ್ಟಾ: ಬಯೋಸ್ ಇನ್ನೂ ಲೆಗಸಿಯಲ್ಲಿದೆ, ಅದನ್ನು ಯುಇಎಫ್‌ಐ ಮಾಡಿ. ಈ ಹಂತದಲ್ಲಿ ಯಾರಾದರೂ "ಫಾರ್ಮ್ಯಾಟ್ ಮಾಡಬೇಕು" ಎಂದರೆ ಒಪ್ಪುವ ಮೊದಲು ಈ ಎರಡನ್ನೂ ಪ್ರಯತ್ನಿಸಿ.

ವ್ಯಾಲಿಡೇಟ್ ವಿಫಲವಾಗುತ್ತದೆ: ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಮುಖ್ಯ ಪಾರ್ಟಿಶನ್ ಇದ್ದರೆ, ಅಥವಾ ಎಕ್ಸ್‌ಟೆಂಡೆಡ್ ಮತ್ತು ಲಾಜಿಕಲ್ ಪಾರ್ಟಿಶನ್ ಇದ್ದರೆ ಉಪಕರಣ ಒಪ್ಪುವುದಿಲ್ಲ. ಸಿ, ಡಿ, ಇ, ಎಫ್ ಎಂದು ತುಂಡು ಮಾಡಿದ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಡೇಟಾ ಹೊರಗೆ ತೆಗೆದು ಬೇಡದ ಪಾರ್ಟಿಶನ್ ಅಳಿಸಬೇಕಾಗುತ್ತದೆ. ಕಾಸರಗೋಡಿನ ಮನೆಗಳಲ್ಲಿ ಇನ್ನೊಂದು ಕಾರಣವೂ ಇರಬಹುದು. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯ ಗ್ನೂ/ಲಿನಕ್ಸ್ ಬಳಕೆಯಲ್ಲಿರುವುದರಿಂದ ಮಕ್ಕಳ ಓದಿಗೆಂದು ಅದನ್ನೂ ವಿಂಡೋಸನ್ನೂ ಒಂದೇ ಡಿಸ್ಕಿನಲ್ಲಿ ಹಾಕಿರುವುದುಂಟು. ಇಂಥ ಎರಡು ವ್ಯವಸ್ಥೆಯ ಎಂಬಿಆರ್ ಡಿಸ್ಕಿಗೆ ಈ ಸುಲಭ ದಾರಿ ಸಾಮಾನ್ಯವಾಗಿ ನಡೆಯುವುದಿಲ್ಲ. ಪೂರ್ತಿ ಬ್ಯಾಕಪ್ ಮಾಡಿ ಜಿಪಿಟಿಯಲ್ಲಿ ಎರಡನ್ನೂ ಹೊಸದಾಗಿ ಹಾಕುವುದೇ ಒಳ್ಳೆಯದು, ಮೊದಲು ವಿಂಡೋಸ್, ಆಮೇಲೆ ಲಿನಕ್ಸ್.

ಸೆಕ್ಯೂರ್ ಬೂಟ್ ಆಯ್ಕೆ ಮಸುಕಾಗಿದೆ, ಒತ್ತಲು ಆಗುತ್ತಿಲ್ಲ: ಸಿಎಸ್‌ಎಂ ಇನ್ನೂ ಆನ್ ಇದೆಯಾ ನೋಡಿ. ಏಸರ್‌ನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ಬಯೋಸ್‌ಗೆ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿದರೆ ಮಾತ್ರ ಈ ಆಯ್ಕೆ ತೆರೆಯುತ್ತದೆ. ಆ ಪಾಸ್‌ವರ್ಡ್ ಬರೆದಿಡಿ, ಕೆಲಸ ಮುಗಿದ ಮೇಲೆ ತೆಗೆದು ಹಾಕಿ.

ಎನೇಬಲ್ ಮಾಡಿದರೂ ವಿಂಡೋಸ್‌ನಲ್ಲಿ ಆಫ್ ಎಂದೇ ತೋರಿಸುತ್ತದೆ: ಬಯೋಸ್ "ಸೆಟಪ್ ಮೋಡ್"ನಲ್ಲಿರಬಹುದು, ಅಂದರೆ ಸಹಿ ನೋಡಲು ಬೇಕಾದ ಕೀಗಳೇ ಇಲ್ಲ. "ರಿಸ್ಟೋರ್ ಫ್ಯಾಕ್ಟರಿ ಕೀಸ್" ಅಥವಾ "ಇನ್‌ಸ್ಟಾಲ್ ಡಿಫಾಲ್ಟ್ ಕೀಸ್" ಆಯ್ಕೆ ಒತ್ತಿ ಉಳಿಸಿ.

ಸಿಎಸ್‌ಎಂ ಆಫ್ ಮಾಡಿದ ಮೇಲೆ ಪರದೆಯೇ ಬರುತ್ತಿಲ್ಲ: ಹಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಯುಇಎಫ್‌ಐ ಭಾಷೆ ಬಾರದಿದ್ದರೆ ಹೀಗಾಗುತ್ತದೆ. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಕಂಪ್ಯೂಟರ್ ಆಫ್ ಮಾಡಿ ಆ ಕಾರ್ಡ್ ತೆಗೆದು, ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗೆ ಹಾಕಿ ನೋಡಿ. ಆಗದಿದ್ದರೆ ಪ್ಲಗ್ ತೆಗೆದು ಮದರ್‌ಬೋರ್ಡಿನ ಬ್ಯಾಟರಿಯನ್ನು ಸ್ವಲ್ಪ ಹೊತ್ತು ಹೊರಗಿಟ್ಟರೆ ಹಲವು ಡೆಸ್ಕ್‌ಟಾಪ್‌ಗಳಲ್ಲಿ ಸೆಟ್ಟಿಂಗ್ ಮೊದಲಿನಂತಾಗುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ಎಲ್ಲಾ ಮೊದಲಿನಂತಾಗಿದೆ: ತಾರೀಕು, ಗಂಟೆಯೂ ತಪ್ಪಾಗಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032. ಸಣ್ಣ ಮೊತ್ತಕ್ಕೆ ಸಿಗುತ್ತದೆ. ಬೇರೆಲ್ಲಾ ಕೆಲಸಕ್ಕಿಂತ ಮೊದಲು ಅದನ್ನು ಬದಲಿಸಿ.

"ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂಬ ನೀಲಿ ಪರದೆ: ಬಯೋಸ್‌ನಲ್ಲಿ ಸಾಟಾ ಮೋಡ್ ಬದಲಾಗಿರುವ ಸಾಧ್ಯತೆ ಹೆಚ್ಚು. "ಲೋಡ್ ಡಿಫಾಲ್ಟ್ಸ್" ಒತ್ತಿದಾಗ ಎಎಚ್‌ಸಿಐ ಇದ್ದದ್ದು ರೇಡ್ ಆಗಿಯೋ, ರೇಡ್ ಇದ್ದದ್ದು ಎಎಚ್‌ಸಿಐ ಆಗಿಯೋ ಬದಲಾಗುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೋ ನೋಡಿ ಹಿಂದಿನಂತೆ ಮಾಡಿ.

ಎಎಂಡಿ ಯಂತ್ರದಲ್ಲಿ ಎಫ್‌ಟಿಪಿಎಂ ರೀಸೆಟ್ ಮಾಡಲು ವೈ ಅಥವಾ ಎನ್ ಒತ್ತಿ ಎಂದು ಕೇಳುತ್ತಿದೆ: ಬಯೋಸ್ ಅಪ್‌ಡೇಟ್ ಅಥವಾ ಪ್ರೊಸೆಸರ್ ಬದಲಾವಣೆಯ ನಂತರ ಹೀಗೆ ಬರಬಹುದು. ಬಿಟ್‌ಲಾಕರ್ ಇದ್ದು ರಿಕವರಿ ಕೀ ಕೈಯಲ್ಲಿ ಇಲ್ಲದಿದ್ದರೆ ವೈ ಒತ್ತಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಗಲ್ಫಿನಿಂದ ಬರುವ ಬಳಸಿದ ಕಂಪೆನಿ ಲ್ಯಾಪ್‌ಟಾಪ್‌ಗಳಿಗೆ ನಮ್ಮಲ್ಲಿ ಬೇಡಿಕೆ ಇದೆ. ಅವುಗಳಲ್ಲಿ ಕೆಲವಕ್ಕೆ ಹಿಂದಿನ ಕಚೇರಿಯವರು ಹಾಕಿದ ಬಯೋಸ್ ಪಾಸ್‌ವರ್ಡ್ ಹಾಗೇ ಉಳಿದಿರುತ್ತದೆ. ವಿಂಡೋಸ್ ಚೆನ್ನಾಗಿಯೇ ನಡೆಯುತ್ತದೆ. ಆದರೆ ಮೇಲೆ ಹೇಳಿದ ಒಂದು ಸೆಟ್ಟಿಂಗ್ ಕೂಡ ಬದಲಿಸಲು ಆಗದು. ಹಣ ಕೊಡುವ ಮೊದಲು ಬಯೋಸ್ ಒಳಗೆ ಹೋಗಿ ನೋಡಿ, ಬಿಟ್‌ಲಾಕರ್ ಇದೆಯಾ ಕೇಳಿ, ಪ್ರೊಸೆಸರ್ ತಲೆಮಾರು ಪರಿಶೀಲಿಸಿ. ಕೊಡುವಾತ ಪರಿಚಯದವರೇ ಆದರೂ ಇದರಲ್ಲಿ ದಾಕ್ಷಿಣ್ಯ ಬೇಡ.

ಪ್ರೊಸೆಸರ್ ಪಟ್ಟಿಯಲ್ಲಿ ಇಲ್ಲದಿದ್ದರೆ?

ಪರಿಶೀಲನೆಯನ್ನೇ ದಾಟಿಸಿ ವಿಂಡೋಸ್ 11 ಹಾಕಿಕೊಡುವವರು ಇದ್ದಾರೆ. ಅಂಥ ಯಂತ್ರಗಳಿಗೆ ಅಪ್‌ಡೇಟ್ ಸಿಗುವ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ತೀರಾ ಹಳೆಯ ಪ್ರೊಸೆಸರ್‌ಗಳಲ್ಲಿ 24ಎಚ್2 ಆವೃತ್ತಿಯಿಂದ ಅದು ಏಳುವುದೇ ಇಲ್ಲ. ವ್ಯಾಪಾರದ ಲೆಕ್ಕ, ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರಿಗೆ ಈ ದಾರಿ ಬೇಡ. ಬ್ರೌಸರ್, ಪತ್ರ ಬರೆಯುವುದು, ಮಕ್ಕಳ ಓದು ಇಷ್ಟೇ ಕೆಲಸವಾದರೆ ಲಿನಕ್ಸ್ ಮಿಂಟ್, ಉಬುಂಟು ಅಥವಾ ಡೆಬಿಯನ್ ಉಚಿತವಾಗಿ ಸಿಗುತ್ತವೆ. ಯುನಿಕೋಡ್ ಕನ್ನಡ ಅವುಗಳಲ್ಲಿ ಚೆನ್ನಾಗಿ ನಡೆಯುತ್ತದೆ. ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಬಿಲ್ಲಿಂಗ್ ತಂತ್ರಾಂಶ ಇದ್ದರೆ, ಅದನ್ನು ಮಾರಿದವರಲ್ಲಿ ಮೊದಲು ವಿಚಾರಿಸಿ.

ಕೊನೆಗೆ ಒಂದೇ ಮಾತು. ಬ್ಯಾಕಪ್ ಮೊದಲು, ರಿಕವರಿ ಕೀ ಕಾಗದದಲ್ಲಿ, ಡಿಸ್ಕ್ ಜಿಪಿಟಿ, ಆಮೇಲೆ ಯುಇಎಫ್‌ಐ, ಕೊನೆಗೆ ಸೆಕ್ಯೂರ್ ಬೂಟ್. ಈ ಕ್ರಮ ತಪ್ಪದಿದ್ದರೆ ಒಂದು ರಜಾದಿನದ ಬೆಳಗ್ಗೆ ಕುಳಿತು ಮನೆಯಲ್ಲೇ ಮುಗಿಸಬಹುದಾದ ಕೆಲಸ ಇದು. ನಿಮಗೆ ಧೈರ್ಯ ಬರದಿದ್ದರೆ ತಿಳಿದವರ ಕೈಯಲ್ಲಿ ಮಾಡಿಸಿ. ಆದರೆ ಬ್ಯಾಕಪ್ ಮತ್ತು ಕೀ ಇವೆರಡನ್ನು ಮಾತ್ರ ನೀವೇ ಮಾಡಿಟ್ಟುಕೊಂಡು ಹೋಗಿ.